ಕ್ಯಾಮೆರಾ ಎಲ್ಲಿ ನಿಂತಿತ್ತು?

ಕಿರುಚಿತ್ರವೊಂದನ್ನು ನೋಡಿ ‘ಕ್ಯಾಮೆರಾ ಚೆನ್ನಾಗಿದೆ, ಎಡಿಟಿಂಗ್ ಚೆನ್ನಾಗಿದೆ’ ಎಂದು ಹೇಳುವುದು ಸುಲಭ. ಮದುವೆ ಊಟ ಮುಗಿಸಿ ಕೈ ತೊಳೆಯುತ್ತಾ ‘ಬಿರಿಯಾನಿ ಚೆನ್ನಾಗಿತ್ತು’ ಎಂದ ಹಾಗೆ. ಅಕ್ಕಿ ಚೆನ್ನಾಗಿತ್ತೋ, ಮಾಂಸ ಹದವಾಗಿ ಬೆಂದಿತ್ತೋ, ದಮ್ ಕಟ್ಟಿದ ಹೊತ್ತು ಸರಿಯಿತ್ತೋ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಆದರೆ ಅಡುಗೆ ಕಲಿಯುತ್ತಿರುವವನಿಗೆ ಬೇಕಾದದ್ದು ಆ ಬಿಡಿಸಿ ಹೇಳುವ ಮಾತೇ.

ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಇರುವುದರಿಂದ ಊರಿನ ತುಂಬ ಬಾಡಿಗೆ ಕೋಣೆಗಳು, ಕೋಣೆಗಳ ತುಂಬ ಹುಡುಗರು. ಈಗ ಪ್ರತಿಯೊಬ್ಬರ ಜೇಬಿನಲ್ಲೂ ಒಂದು ಕ್ಯಾಮೆರಾ ಇದೆ. ಅಲ್ಲಿ ಓದುವ ನಾಲ್ವರು ಸೇರಿ ಮೊಬೈಲಿನಲ್ಲೇ 12 ನಿಮಿಷದ ಕಿರುಚಿತ್ರ ಮಾಡಿ, ಸ್ಪರ್ಧೆಯೊಂದಕ್ಕೆ ಕಳಿಸುವ ಮೊದಲು ನನಗೆ ತೋರಿಸಿದರು. ನಾನು ಸಿನಿಮಾದವನಲ್ಲ, ಮೇಷ್ಟರು. ಹೆಗ್ಗೋಡಿನ ನೀನಾಸಂ 1973ರಲ್ಲಿ ಕಟ್ಟಿದ ಚಿತ್ರಸಮಾಜದಿಂದಾಗಿ ನಮ್ಮ ಜಿಲ್ಲೆಯಲ್ಲಿ ಸಿನಿಮಾ ನೋಡಿ ಕೂತು ಚರ್ಚೆ ಮಾಡುವ ಒಂದು ರೂಢಿ ಬೆಳೆದಿದೆ. ನನ್ನ ಬಂಡವಾಳ ಅಷ್ಟೇ. ಹುಡುಗರು ಮೊದಲೇ ಷರತ್ತು ಹಾಕಿದ್ದರು: “ಕಥೆ ಬಗ್ಗೆ ಬೇಡ ಸರ್. ಕ್ಯಾಮೆರಾ, ಎಡಿಟಿಂಗ್ ಎರಡಕ್ಕೆ ಮಾತ್ರ ಮಾರ್ಕ್ಸ್ ಹೇಳಿ.”

ಚಿತ್ರದಲ್ಲಿರುವುದು ಅವರಲ್ಲೊಬ್ಬನ ಅಬ್ಬಾ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ದುಡಿದು, ಈಗ ಮನೆಯ ಜಗಲಿಯಲ್ಲಿ ಕೂತು ಛತ್ರಿ ರಿಪೇರಿ ಮಾಡುವವರು. ಭದ್ರಾವತಿ ಎಂದರೆ ಕಬ್ಬಿಣದ ಕಾರ್ಖಾನೆಯ ಊರು, 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆಯ ಊರು. ಪಾಳಿಯ ಲೆಕ್ಕದಲ್ಲಿ ಎದ್ದು ಮಲಗುತ್ತಿದ್ದ ಮನೆಗಳಲ್ಲಿ ಈಗ ಹೊತ್ತು ಕಳೆಯುವುದೇ ಒಂದು ಕೆಲಸ. ಮಲೆನಾಡಿನಲ್ಲಿ ಮಳೆ ಹಿಡಿಯುವ ಮೊದಲು ಅಟ್ಟದ ಮೇಲಿನ ಛತ್ರಿಗಳೆಲ್ಲ ಕೆಳಗಿಳಿಯುತ್ತವೆ. ಕಡ್ಡಿ ಮುರಿದವು, ಬಟ್ಟೆ ಹರಿದವು, ಹಿಡಿ ಕಳಚಿದವು ಅವರ ಮುಂದೆ ರಾಶಿ ಬೀಳುತ್ತವೆ. ಹುಡುಗರು ಆರಿಸಿಕೊಂಡ ವಿಷಯ ನಿಜಕ್ಕೂ ಒಳ್ಳೆಯದು.

ಕೇಳಿದ್ದಕ್ಕೆ ಉತ್ತರ ಹೇಳಬೇಕಲ್ಲ. ಮೊದಲು ಕ್ಯಾಮೆರಾದಿಂದ ಶುರು ಮಾಡಿದೆ. ಅಬ್ಬಾ ಕೂತದ್ದು ನೆಲದ ಮೇಲೆ, ಕ್ಯಾಮೆರಾ ಇದ್ದದ್ದು ನಿಂತ ಹುಡುಗನ ಎದೆಯ ಎತ್ತರದಲ್ಲಿ. ಹಾಗಾಗಿ ಚಿತ್ರದುದ್ದಕ್ಕೂ ನಾವು ಅವರ ನೆತ್ತಿಯನ್ನೇ ನೋಡುತ್ತೇವೆ. ಅಂಗಡಿಯ ಮುಂದೆ ನಿಂತು ಅವಸರ ಮಾಡುವ ಗಿರಾಕಿಯ ನೋಟ ಅದು, ಮಗನ ನೋಟವಲ್ಲ. ಹಿಂದೆ ಬೆಳಕಿನ ಕಿಟಕಿ ಇದ್ದುದರಿಂದ ಮುಖ ಕಪ್ಪಾಗಿದೆ. ಅವರು ಅಲುಗಿದಾಗಲೆಲ್ಲ ಮೊಬೈಲು ತಾನೇ ಬೆಳಕನ್ನು ಹೆಚ್ಚುಕಡಿಮೆ ಮಾಡಿ, ಗೋಡೆ ಒಮ್ಮೆ ಬೆಳ್ಳಗೆ, ಒಮ್ಮೆ ಮಸುಕಾಗಿ ಕಾಣುತ್ತದೆ. ಬೆಳಕನ್ನು ಒಂದು ಹದಕ್ಕೆ ಲಾಕ್ ಮಾಡಿ, ಅವರನ್ನು ಕಿಟಕಿಯ ಕಡೆಗೆ ತಿರುಗಿಸಿ ಕೂರಿಸಿದ್ದರೆ ಸಾಕಿತ್ತು. ಕೈಗಳ ಕ್ಲೋಸಪ್ ಮಾತ್ರ ತುಂಬ ಚೆನ್ನಾಗಿತ್ತು. ಸೂಜಿ ಬಟ್ಟೆಯೊಳಗೆ ಹೋಗಿ ಹೊರಬರುವ ತನಕ ಕ್ಯಾಮೆರಾ ಕಾದಿದೆ.

ಎಡಿಟಿಂಗ್‌ನಲ್ಲಿ ಕಾಯುವ ಗುಣವೇ ಕಾಣೆಯಾಗಿತ್ತು. ಎರಡೆರಡು ಸೆಕೆಂಡಿಗೆ ಒಂದು ಕಟ್. ಗಿರಾಕಿ ಮತ್ತು ಅಬ್ಬಾ ಮಾತಾಡುವಾಗ ಕ್ಯಾಮೆರಾ ಇಬ್ಬರ ನಡುವಿನ ಗೆರೆಯನ್ನು ದಾಟಿ ಆ ಬದಿಗೆ ಹಾರಿದ್ದರಿಂದ, ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತಾ ಬೇರೆ ಯಾರೊಂದಿಗೋ ಮಾತಾಡಿದಂತೆ ಕಾಣುತ್ತಾರೆ. ಚಹಾದ ಲೋಟ ಒಂದು ಶಾಟ್‌ನಲ್ಲಿ ಖಾಲಿ, ಮರು ಶಾಟ್‌ನಲ್ಲಿ ತುಂಬಿದೆ. ಇವೆಲ್ಲ ಕಲಿಯುವವರ ತಪ್ಪುಗಳು, ಮುಂದಿನ ಚಿತ್ರದಲ್ಲಿ ತಾವೇ ಹೋಗುತ್ತವೆ.

ನನ್ನನ್ನು ತಡೆದು ನಿಲ್ಲಿಸಿದ್ದು ಏಳನೇ ನಿಮಿಷ. ಅಬ್ಬಾ ಕೆಲಸ ನಿಲ್ಲಿಸಿ ಸುಮ್ಮನೆ ರಸ್ತೆ ನೋಡುತ್ತಿದ್ದಾರೆ. ಅಲ್ಲಿಂದ ನೇರ ಆಕಾಶಕ್ಕೆ ಕಟ್. ಡ್ರೋನ್ ಮಸೀದಿಯ ಮಿನಾರನ್ನು ಸುತ್ತುತ್ತದೆ, ಎಲ್ಲಿಂದಲೋ ಡೌನ್‌ಲೋಡ್ ಮಾಡಿದ ಅಝಾನ್ ಜೋರಾಗಿ ಕೇಳುತ್ತದೆ, ಬಣ್ಣ ಹಸಿರಿಗೆ ತಿರುಗುತ್ತದೆ. ಮತ್ತೆ ಅಬ್ಬಾನ ಮುಖ. ಈಗ ಆ ಮುಖ ಅದೇ ಮುಖವಲ್ಲ.

“ಈ ಶಾಟ್ ಯಾಕೆ ಬಂತು?” ಎಂದು ಕೇಳಿದೆ.

ಉತ್ತರ ಕೊಟ್ಟದ್ದು ಮಗನೇ. “ಮುಸ್ಲಿಂ ಮನೆ ಅಂತ ಜನಕ್ಕೆ ಗೊತ್ತಾಗಬೇಕಲ್ಲ ಸರ್. ಎಲ್ಲಾ ಸಿನಿಮಾದಲ್ಲೂ ಹಾಗೇ ಇರುತ್ತೆ.”

ರಷ್ಯಾದ ಲೆವ್ ಕುಲೆಶೋವ್ ಎಂಬಾತ ಸುಮಾರು ನೂರು ವರ್ಷಗಳ ಹಿಂದೆ ಮಾಡಿದ ಪ್ರಯೋಗವೊಂದರ ಬಗ್ಗೆ ಸಿನಿಮಾ ಕಲಿಯುವವರೆಲ್ಲ ಓದುತ್ತಾರೆ. ನಟನೊಬ್ಬನ ಒಂದೇ ಮುಖವನ್ನು ಒಮ್ಮೆ ಸೂಪಿನ ತಟ್ಟೆಯ ಪಕ್ಕ, ಒಮ್ಮೆ ಶವಪೆಟ್ಟಿಗೆಯ ಪಕ್ಕ ಅಂಟಿಸಿದರೆ, ನೋಡುವವರಿಗೆ ಮೊದಲು ಹಸಿವೂ ಆಮೇಲೆ ದುಃಖವೂ ಕಾಣುತ್ತದೆ. ಮುಖ ಬದಲಾಗಿರುವುದಿಲ್ಲ, ಪಕ್ಕದ ಚಿತ್ರ ಬದಲಾಗಿರುತ್ತದೆ. ನಮ್ಮ ಹುಡುಗರು ಮಾಡಿದ್ದೂ ಅದೇ. ಕೆಲಸ ಹೋದ ಮನುಷ್ಯನೊಬ್ಬ ರಸ್ತೆ ನೋಡುತ್ತಿದ್ದ. ಪಕ್ಕದಲ್ಲಿ ಮಿನಾರನ್ನು ಅಂಟಿಸಿದ ಮೇಲೆ ಅವನ ಸಂಕಟ ಕೆಲಸದ್ದಲ್ಲ, ಧರ್ಮದ್ದು ಎಂದಾಯಿತು. ಟಿವಿಯ ಸುದ್ದಿಗಳಲ್ಲೂ ದೊಡ್ಡ ಚಿತ್ರಗಳಲ್ಲೂ ಇದೇ ಜೋಡಣೆಯನ್ನು ನೋಡಿ ನೋಡಿ ನಮಗೆ ಅದು ವ್ಯಾಕರಣದಂತೆ ಆಗಿಬಿಟ್ಟಿದೆ. ಸ್ವಂತ ತಂದೆಯನ್ನು ತೋರಿಸುವಾಗಲೂ ಮಗನ ಕೈಗೆ ಸಿಕ್ಕಿದ್ದು ಬೇರೆಯವರ ವ್ಯಾಕರಣವೇ. ಹಾಗಿರುವಾಗ ಕಥೆಯನ್ನು ಬಿಟ್ಟು ಎಡಿಟಿಂಗಿಗೆ ಮಾತ್ರ ಅಂಕ ಕೊಡುವುದು ಹೇಗೆ?

ಇದೇ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನವರಾದ ಗಿರೀಶ್ ಕಾಸರವಳ್ಳಿಯವರ ಹೆಸರು ಸಹಜವಾಗಿ ನೆನಪಾಯಿತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಕಲಿಯುವಾಗ ಅವರು ಮಾಡಿದ ‘ಅವಶೇಷ್’ ಕೂಡ ವಿದ್ಯಾರ್ಥಿಯ ಕಿರುಚಿತ್ರವೇ, ಅದಕ್ಕೆ ರಾಷ್ಟ್ರಪ್ರಶಸ್ತಿ ಬಂದಿತ್ತು. 1977ರ ‘ಘಟಶ್ರಾದ್ಧ’ದಲ್ಲಿ ವಿಧವೆಯೊಬ್ಬಳ ಪಾಡನ್ನು ನಾವು ನೋಡುವುದು ಪುಟ್ಟ ಹುಡುಗನೊಬ್ಬನ ಕಣ್ಣಿನಿಂದ. 2008ರ ‘ಗುಲಾಬಿ ಟಾಕೀಸ್’ನಲ್ಲಿ ನಮಗೆ ಮೊದಲು ಪರಿಚಯವಾಗುವುದು ಸಿನಿಮಾ ಹುಚ್ಚಿನ ಒಬ್ಬ ಸೂಲಗಿತ್ತಿ. ಅವಳು ಮುಸ್ಲಿಂ ಎಂಬುದು ಊರಿಗೆ ದೊಡ್ಡ ವಿಷಯವಾಗುವುದು ನಿಧಾನವಾಗಿ, ಬದುಕಿನ ಒಳಗಿನಿಂದಲೇ. ಎರಡಕ್ಕೂ ಕ್ಯಾಮೆರಾ ಹಿಡಿದವರು ಎಸ್. ರಾಮಚಂದ್ರ. ಕ್ಯಾಮೆರಾ ಯಾರ ಪಕ್ಕ ನಿಲ್ಲಬೇಕು ಎಂಬುದು ಅಲ್ಲಿ ಮೊದಲೇ ತೀರ್ಮಾನವಾಗಿದೆ.

ಹುಡುಗರ ಮುಖ ಸಪ್ಪಗಾಯಿತು. “ಅವರಿಗೆಲ್ಲ ದೊಡ್ಡ ಕ್ಯಾಮೆರಾ, ಬೇಕಾದಷ್ಟು ದಿನ ಇರುತ್ತೆ ಸರ್” ಎಂದ ಒಬ್ಬ. ಆಗ ನಾನು ಹೇಳಿದ್ದು ಚಿದಾನಂದ ಎಸ್. ನಾಯ್ಕ್ ಅವರ ವಿಷಯ. ಮೈಸೂರಿನಲ್ಲಿ ವೈದ್ಯಕೀಯ ಓದಿ ಆಮೇಲೆ ಪುಣೆಯ ಅದೇ ಸಂಸ್ಥೆಗೆ ಸೇರಿದವರು. ಅವರ ಸುಮಾರು 16 ನಿಮಿಷದ ಕನ್ನಡ ಚಿತ್ರ ‘ಸನ್‌ಫ್ಲವರ್ಸ್ ವೇರ್ ದ ಫಸ್ಟ್ ಒನ್ಸ್ ಟು ನೋ’ 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಪಡೆಯಿತು. ಚಿತ್ರೀಕರಣಕ್ಕೆ ಸಿಕ್ಕಿದ್ದು ನಾಲ್ಕೇ ದಿನ. ಅಜ್ಜಿಯೊಬ್ಬಳು ಊರಿನ ಹುಂಜವನ್ನು ಕದ್ದೊಯ್ಯುತ್ತಾಳೆ, ಊರಿಗೆ ಬೆಳಗೇ ಆಗುವುದಿಲ್ಲ. ನಮ್ಮ ಮನೆಗಳಲ್ಲಿ ಕೇಳಿದ ಕಥೆಯ ಜಾತಿಯದ್ದೇ. ಕ್ಯಾಮೆರಾ ಸೂರಜ್ ಠಾಕೂರ್ ಅವರದು, ಸಂಕಲನ ಮನೋಜ್ ವಿ. ಅವರದು. ಅಲ್ಲಿನ ಕತ್ತಲು ಚೆಂದಕ್ಕಾಗಿ ತಂದದ್ದಲ್ಲ, ಹುಂಜ ಇಲ್ಲದ ಊರಿನಲ್ಲಿ ಇರಲೇಬೇಕಾದ ಕತ್ತಲು.

ಆಮೇಲೆ ನಾನು, “ಬಳಸದೆ ಬಿಟ್ಟ ಟೇಕ್‌ಗಳಿದ್ದರೆ ತೋರಿಸಿ” ಎಂದೆ. ಅದರಲ್ಲೊಂದು ನಾಲ್ಕು ನಿಮಿಷದ ಟೇಕ್ ಇತ್ತು. ಕ್ಯಾಮೆರಾವನ್ನು ಜಗಲಿಯ ಮೇಲೆ ಇಟ್ಟು ಯಾರೋ ಮರೆತಂತಿದೆ. ಹಾಗಾಗಿ ಅದು ಅಬ್ಬಾ ಕೂತ ಎತ್ತರದಲ್ಲೇ ಇದೆ. ಅವರು ಛತ್ರಿಯ ಕಡ್ಡಿಗೆ ತಂತಿ ಸುತ್ತುತ್ತಿದ್ದಾರೆ. ದೂರದಿಂದ ಅಝಾನ್ ಕೇಳುತ್ತದೆ, ಅದರ ಮೇಲೆ ಬಸ್ಸಿನ ಹಾರ್ನ್, ಪಕ್ಕದ ಮನೆಯ ಕುಕ್ಕರಿನ ಸೀಟಿ. ಅಬ್ಬಾ ಅವಸರ ಮಾಡುವುದಿಲ್ಲ. ಸುತ್ತು ಮುಗಿಸಿ, ಛತ್ರಿ ಬಿಚ್ಚಿ ನೋಡಿ, ಮಡಚಿ ಗೋಡೆಗೆ ಒರಗಿಸಿ, ಮೊಣಕಾಲಿಗೆ ಕೈ ಊರಿ ಎದ್ದು ಹೋಗುತ್ತಾರೆ. ಖಾಲಿ ಜಗಲಿಯಲ್ಲಿ ಛತ್ರಿ ಮಾತ್ರ ಉಳಿಯುತ್ತದೆ.

“ಇದನ್ನು ಯಾಕೆ ಬಿಟ್ಟಿರಿ?”

“ಅಝಾನ್ ಬಂದು ಸೌಂಡ್ ಕೆಟ್ಟುಹೋಯ್ತು ಅಂತ ಸರ್.”

ಹೇಳಿದ ಮರುಕ್ಷಣವೇ ಅವನಿಗೆ ನಗು ಬಂತು. ನಿಜವಾಗಿ ಕೇಳಿಸಿದ್ದನ್ನು ಎಸೆದು, ಡೌನ್‌ಲೋಡ್ ಮಾಡಿದ್ದನ್ನು ಅಂಟಿಸಿದ್ದರು.

ಎರಡು ರಾತ್ರಿ ಕೂತು ಮತ್ತೆ ಎಡಿಟ್ ಮಾಡಿದರು. ಡ್ರೋನ್ ಹೋಯಿತು, ಹಸಿರು ಹೋಯಿತು, ಆ ನಾಲ್ಕು ನಿಮಿಷ ಒಂದೂ ಕಟ್ ಇಲ್ಲದೆ ಒಳಗೆ ಬಂತು. ಕಿಟಕಿಯ ಬೆಳಕಿನ ದೋಷ ಹಾಗೇ ಉಳಿಯಿತು. ಅವರು ಕೇಳಿದ ಅಂಕಗಳನ್ನೂ ಹೇಳಿದೆ: ಕ್ಯಾಮೆರಾಕ್ಕೆ ಹತ್ತರಲ್ಲಿ ಐದು, ಎಡಿಟಿಂಗಿಗೆ ಏಳು. ಐದು ಯಾಕೆ ಎಂದು ವಾದ ಮಾಡಿದರು. ಮುಂದಿನ ಸಲ ನೆಲದ ಮೇಲೆ ಕೂತು ಶೂಟ್ ಮಾಡಿ, ಏರಿಸುತ್ತೇನೆ ಎಂದೆ.

ಸ್ಪರ್ಧೆಯಲ್ಲಿ ಬಹುಮಾನ ಬರಲಿಲ್ಲ. ಭದ್ರಾವತಿಯ ಮನೆಯಲ್ಲಿ ಮಗ ಅದನ್ನು ಅಬ್ಬಾನಿಗೆ ತೋರಿಸಿದನಂತೆ. ಅವರು ಕೊನೆಯ ತನಕ ಮಾತಾಡದೆ ನೋಡಿ, ಗೋಡೆಗೆ ಒರಗಿದ್ದ ಛತ್ರಿಯ ಕಡೆ ಬೆರಳು ತೋರಿಸಿ, “ಇದರವರು ಇನ್ನೂ ಬಂದಿಲ್ಲ, ಮಳೆ ಶುರುವಾಯ್ತಲ್ಲೋ” ಎಂದರಂತೆ.