ಐದು ಸ್ಟೀಕು, ಒಂದು ಬದನೆಕಾಯಿ

'ಫ್ರೆಂಡ್ಸ್' ಅಂತ ಅಮೆರಿಕದ ಒಂದು ನಗೆ ಧಾರಾವಾಹಿ. 1994ರಿಂದ 2004ರವರೆಗೆ ಹತ್ತು ಸೀಸನ್ ನಡೀತು. ನ್ಯೂಯಾರ್ಕ್‌ನಲ್ಲಿರುವ ಆರು ಜನ ವಿಚಿತ್ರ ಗೆಳೆಯರ ಕಥೆ. ಊರಲ್ಲಿ ಈಟಿವಿಯ 'ಸಿಲ್ಲಿ ಲಲ್ಲಿ', 'ಪಾಪ ಪಾಂಡು' ನೋಡಿ ಬೆಳೆದ ನಮಗೆ ಇದನ್ನು ತೋರಿಸಿದವರು ಬಿಟಿಎಂ ಲೇಔಟ್‌ನ ರೂಮ್‌ಮೇಟುಗಳು. ಅವರಿಬ್ಬರು ಸಾಫ್ಟ್‌ವೇರಿನವರು, ನಾವಿಬ್ಬರು ಪತ್ರಿಕೋದ್ಯಮ ಡಿಪ್ಲೊಮಾದವರು. ನಾಲ್ವರೂ ಒಂದೇ ತಾಲ್ಲೂಕು. ಇಲ್ಲಿ 'ನಾವು' ಅಂದರೆ ಡಿಪ್ಲೊಮಾ ಪಾರ್ಟಿ.

ಎರಡನೇ ಸೀಸನ್‌ನ ಐದನೇ ಎಪಿಸೋಡು 1995ರ ಅಕ್ಟೋಬರ್‌ನಲ್ಲಿ ಬಂದದ್ದು. ಮೋನಿಕಾಗೆ ಬಡ್ತಿ ಸಿಕ್ಕಿದೆ, ಆರೂ ಜನ ದೊಡ್ಡ ಹೋಟೆಲಿಗೆ ಹೋಗುತ್ತಾರೆ. ರಾಸ್, ಚಾಂಡ್ಲರ್, ಮೋನಿಕಾಗೆ ಒಳ್ಳೆ ಸಂಬಳ. ಕಾಫಿ ಅಂಗಡಿಯಲ್ಲಿ ಸಪ್ಲೈ ಮಾಡುವ ರೇಚಲ್, ಮಸಾಜ್ ಮಾಡುವ ಫೀಬಿ, ಚಾನ್ಸಿಗೆ ಅಲೆಯುವ ನಟ ಜೋಯಿಗೆ ಕಾಸಿಲ್ಲ. ಮೆನು ನೋಡಿ ಒಬ್ಬಳು ಸಲಾಡ್, ಒಬ್ಬಳು ಒಂದು ಕಪ್ ಸೂಪ್ ಹೇಳುತ್ತಾರೆ. ಬಿಲ್ಲು ಬಂದಾಗ ರಾಸ್ ಲೆಕ್ಕ ಹಾಕಿ ಎಲ್ಲರಿಗೂ ಸಮ ಹಂಚುತ್ತಾನೆ. ಫೀಬಿ ಮಾತ್ರ ಆಗಲ್ಲ ಅಂದುಬಿಡುತ್ತಾಳೆ.

ಜಯನಗರ 4ನೇ ಬ್ಲಾಕಿನ ಹತ್ತಿರ ನಮಗೂ ಇದೇ ಆಗಿತ್ತು. ಸಾಫ್ಟ್‌ವೇರಿನವನಿಗೆ ಬಡ್ತಿ, ಎಸಿ ಹೋಟೆಲು. ನಾವು ಹೊಟ್ಟೆ ಸರಿಯಿಲ್ಲ ಅಂತ ಮೊಸರನ್ನ ತಿಂದೆವು. ಬಿಲ್ಲು ಭಾಗಿಸು ನಾಲ್ಕು. ನಮ್ಮಲ್ಲಿ ಫೀಬಿ ಇರಲಿಲ್ಲ, ಕೊಟ್ಟು ಎದ್ದೆವು. ಸುದ್ದಿಗಿಷ್ಟು ಅಂತ ಕಾಸು ಬರುತ್ತಿದ್ದ ಕಾಲ, ಅದೂ ಎರಡು ತಿಂಗಳು ತಡ. ಆ ವಾರ ಮಡಿವಾಳದವರೆಗೆ ನಡೆದೇ ಓಡಾಡಿದೆವು.

ಎಪಿಸೋಡು ನೋಡುವಾಗ ಸಾಫ್ಟ್‌ವೇರಿನವನು ಆ ಜಾಗದಲ್ಲೇ ಲ್ಯಾಪ್‌ಟಾಪ್ ನಿಲ್ಲಿಸಿದ. "ಮಗಾ, ಅವತ್ತು ಮೊಸರನ್ನ..." ಅಂದ. ನಾವು ಸೀಲಿಂಗ್ ಫ್ಯಾನ್ ನೋಡಿದೆವು.

ಆಮೇಲಿನ ಭಾಗ ಇನ್ನೂ ಕಷ್ಟದ್ದು. ಉಳ್ಳವರು ಸಂಗೀತ ಕಾರ್ಯಕ್ರಮಕ್ಕೆ ಆರು ಟಿಕೆಟ್ ತರುತ್ತಾರೆ. ಇಲ್ಲದವರಿಗೆ ಅದು ಭಿಕ್ಷೆಯಂತೆ ಕಾಣುತ್ತದೆ, ಹೋಗುವುದಿಲ್ಲ. ನಮ್ಮ ರೂಮಿನ ಹತ್ತು ತಿಂಗಳ ಅಡ್ವಾನ್ಸ್ ಪೂರ್ತಿ ಅವರದೇ. ನಾವು ಪಾತ್ರೆ ತೊಳೆದು ತೀರಿಸುತ್ತಿದ್ದೆವು, ಯಾರೂ ಹೇಳಿರಲಿಲ್ಲ. ಅವತ್ತು ರಾತ್ರಿ ಮಾತು ಸ್ವಲ್ಪ ಜೋರಾಯಿತು. "ಗೆಳೆಯರಿಗೆ ಕೊಟ್ಟರೆ ಅದೂ ಸಾಲನಾ?" ಅಂತ ಅವನು ರೇಗಿದ. ಕೊಡುವವನಿಗೆ ಅಲ್ಲ, ತಗೊಳ್ಳುವವನಿಗೆ ಹೌದು ಅಂತ ಈಗಲೂ ನಮ್ಮ ವಾದ.

ಮಾಂಸ ಸರಬರಾಜು ಮಾಡುವವರು ಕಳಿಸಿದ ಐದು ಸ್ಟೀಕನ್ನು ಮೋನಿಕಾ ಗೆಳೆಯರಿಗೆಂದು ಮನೆಗೆ ತಂದಿರುತ್ತಾಳೆ, ಮಾಂಸ ತಿನ್ನದ ಫೀಬಿಗೆ ಒಂದು ಬದನೆಕಾಯಿ. ಅದು ಲಂಚ ಅಂತಾಗಿ ಕೆಲಸ ಹೋಗುತ್ತದೆ. ಕೊನೆಗೆ ಕಾಫಿ ಬಿಲ್ಲನ್ನು ತಾನೇ ಕೊಡುತ್ತೇನೆ ಅಂತ ಜೋಯಿ ಗತ್ತಿನಿಂದ ಹೇಳಿ, ಚಾಂಡ್ಲರ್ ಹತ್ತಿರವೇ ಐದು ಡಾಲರ್ ಕೇಳುತ್ತಾನೆ. ಬಿಲ್ಲು 4 ಡಾಲರ್ 12 ಸೆಂಟು.

ಆ ಜಗಳದ ನಂತರ ಹೋಟೆಲಿಗೆ ಹೋದರೆ ಬೈಟು ಕಾಫಿ ಮಾತ್ರ. ನಾಲ್ಕು ಜನ, ಎರಡು ಬೈಟು, ಒಂದು ಸಲ ಅವರು, ಒಂದು ಸಲ ನಾವು. ಬನಶಂಕರಿ ಬಸ್ ಸ್ಟ್ಯಾಂಡ್ ಹತ್ತಿರ ನಮ್ಮ ಸರದಿ ಇನ್ನೂ ಒಂದು ಬಾಕಿ ಇದೆ.