ದನಿ ಎಲ್ಲಿ ಸೋರುತ್ತಿದೆ?

ಗಿಟಾರ್ ಪ್ರೊಸೆಸರನ್ನು ಕಂಪ್ಯೂಟರಿಗೆ ಜೋಡಿಸಿ ರೆಕಾರ್ಡ್ ಮಾಡಲು ಹೊರಟವರ ಮೊದಲ ದೂರು ಹೆಚ್ಚಾಗಿ ಒಂದೇ: ಹೆಡ್‌ಫೋನಿನಲ್ಲಿ ಕಿವಿ ತುಂಬುತ್ತಿದ್ದ ನಾದ ರೆಕಾರ್ಡಿಂಗಿನಲ್ಲಿ ಪಿಸುಮಾತಾಗಿದೆ. ಕೂಡಲೇ ಕೈ ಹೋಗುವುದು ಸಾಫ್ಟ್‌ವೇರಿನ ಫೇಡರಿಗೆ. ಅದನ್ನು ಮೇಲಕ್ಕೆ ತಳ್ಳಿದರೆ ಗಿಟಾರ್ ಏರುತ್ತದೆ, ಜೊತೆಗೆ ಅದರ ಹಿಂದೆ ಅಡಗಿದ್ದ ಗುಂಯ್‌ಗುಡುವ ಸದ್ದೂ ಅಷ್ಟೇ ಏರುತ್ತದೆ. ಕಾಲುವೆಯ ಕೊನೆಯ ಗದ್ದೆಗೆ ನೀರು ಬಾರದಿದ್ದರೆ ರೈತ ಗದ್ದೆಯಲ್ಲೇ ನಿಂತು ಗುದ್ದಲಿ ಆಡಿಸುವುದಿಲ್ಲ. ಏರಿಯ ಮೇಲೆ ತೂಬಿನ ತನಕ ನಡೆದು, ಎಲ್ಲಿ ಸೋರುತ್ತಿದೆ ಎಂದು ನೋಡುತ್ತಾನೆ. ರೆಕಾರ್ಡಿಂಗಿಗೂ ಇದೇ ಸರಿಯಾದ ಕ್ರಮ. ಕೊರತೆ ಕೇಳಿಸುವುದು ಕೊನೆಯಲ್ಲಾದರೂ ಅದು ಹುಟ್ಟುವುದು ಬಹುಪಾಲು ಮೊದಲಲ್ಲೇ. ಅದನ್ನು ಅಲ್ಲಿಯೇ ಸರಿಪಡಿಸಬೇಕು.

ಹಾಗೆ ನಡೆದು ನೋಡಿದರೆ ಮೊದಲು ಸಿಗುವುದು ಎರಡು ಯಂತ್ರಗಳು ಕೂಡುವ ಜಾಗ. ಲ್ಯಾಪ್‌ಟಾಪಿನ ಮೈಕ್ ಜ್ಯಾಕ್ ಕೆಲವೇ ಮಿಲಿವೋಲ್ಟಿನ ಸಿಗ್ನಲ್ಲಿಗೆಂದು ಮಾಡಿದ್ದು. ಪ್ರೊಸೆಸರಿನ ಲೈನ್ ಔಟ್‌ಪುಟ್ ಅದರ ನೂರು ಪಟ್ಟಿನಷ್ಟು ಬಲದ್ದು. ನೇರವಾಗಿ ಚುಚ್ಚಿದರೆ ಸದ್ದು ಒಡೆಯುತ್ತದೆ. ಒಡೆಯದಿರಲೆಂದು ಪ್ರೊಸೆಸರಿನ ವಾಲ್ಯೂಮನ್ನು ತಳಕ್ಕಿಳಿಸಿದರೆ ಗಿಟಾರ್ ಕುಗ್ಗುತ್ತದೆ, ಮೈಕ್ ಜ್ಯಾಕಿನ ಹಿಂದಿರುವ ಪ್ರೀಆಂಪಿನ ಉಸ್ಸೆನ್ನುವ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ಅತಿಯಾದ ಬಲವೇ ಇಲ್ಲಿ ದೌರ್ಬಲ್ಯವಾಗಿ ಕೇಳಿಸುತ್ತದೆ. ಲೈನ್ ಮಟ್ಟದಲ್ಲೂ ಎರಡು ಅಳತೆಗಳಿವೆ: ಮನೆಬಳಕೆಯ ಉಪಕರಣಗಳದು −10 ಡಿಬಿವಿ, ಅಂದರೆ ಸುಮಾರು 0.32 ವೋಲ್ಟ್, ಸ್ಟುಡಿಯೋದ್ದು +4 ಡಿಬಿಯು, ಸುಮಾರು 1.23 ವೋಲ್ಟ್. ಮೊದಲ ಅಳತೆಯ ಸಿಗ್ನಲ್ಲನ್ನು ಎರಡನೆಯದಕ್ಕೆ ಹೊಂದಿಸಿದ ಇನ್‌ಪುಟ್ಟಿಗೆ ಕೊಟ್ಟರೆ ಅಲ್ಲೇ ಸುಮಾರು 12 ಡೆಸಿಬೆಲ್ ಕೊರತೆ. ಆಡಿಯೋ ಇಂಟರ್‌ಫೇಸಿನ ಲೈನ್ ಇನ್‌ಪುಟ್ಟಿಗೆ ಜೋಡಿಸಿ, ಅಲ್ಲಿಯೇ ಗೇನ್ ಏರಿಸುವುದು ಇದಕ್ಕೆ ಮದ್ದು.

ಇನ್ನೊಂದು ಸೋರಿಕೆ ಕಣ್ಣಿಗೆ ಬೀಳುವುದೇ ಇಲ್ಲ. ಪ್ರೊಸೆಸರಿನ ಹೆಡ್‌ಫೋನ್ ಔಟ್‌ಪುಟ್ಟಿನಿಂದ ಸ್ಟೀರಿಯೋ ಕೇಬಲ್ ಎಳೆದು ಇಂಟರ್‌ಫೇಸಿನ ಒಂದೇ ಬ್ಯಾಲೆನ್ಸ್ಡ್ ಇನ್‌ಪುಟ್ಟಿಗೆ ಹಾಕುವವರಿದ್ದಾರೆ. ಪ್ಲಗ್ಗಿನ ಆಕಾರ ಒಂದೇ ಆದ್ದರಿಂದ ಅದು ಸಲೀಸಾಗಿ ಕೂರುತ್ತದೆ. ಆದರೆ ಬ್ಯಾಲೆನ್ಸ್ಡ್ ಇನ್‌ಪುಟ್ಟಿನ ಕೆಲಸ ಎರಡು ತಂತಿಗಳಲ್ಲಿ ಬಂದದ್ದರಲ್ಲಿ ಒಂದರಿಂದ ಇನ್ನೊಂದನ್ನು ಕಳೆದು, ಉಳಿದುದನ್ನು ಮುಂದಕ್ಕೆ ಕಳಿಸುವುದು. ಎಡಕ್ಕೂ ಬಲಕ್ಕೂ ಸಮನಾಗಿದ್ದ ಗಿಟಾರ್ ಆ ಕಳೆಯುವಿಕೆಯಲ್ಲಿ ಬಹುತೇಕ ಮಾಯವಾಗುತ್ತದೆ. ಎರಡು ಬದಿಗಳಲ್ಲಿ ಬೇರೆಬೇರೆಯಾಗಿದ್ದ ರಿವರ್ಬ್, ಕೋರಸ್ ಮಾತ್ರ ಉಳಿಯುತ್ತವೆ. ತಂತಿ ಮೀಟಿದ ಪೆಟ್ಟು ಇಲ್ಲ, ಅದರ ಮಾರ್ದನಿ ಮಾತ್ರ ಇದೆ. ಇಷ್ಟು ಕೇಳಿದವರು ಪ್ರೊಸೆಸರೇ ಕೆಟ್ಟಿದೆಯೆಂದು ಮಾರಲು ಹೊರಟರೆ ಅದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಎಡ, ಬಲ ಔಟ್‌ಪುಟ್ಟುಗಳಿಗೆ ಎರಡು ಮೊನೋ ಕೇಬಲ್ ಹಾಕಿ ಎರಡು ಇನ್‌ಪುಟ್ಟಿಗೆ ಕೊಟ್ಟರೆ ಗಿಟಾರ್ ಮರಳಿ ಬರುತ್ತದೆ.

ಯುಎಸ್‌ಬಿಯಲ್ಲಿ ಜೋಡಿಸಿದರೆ ಈ ರಗಳೆಯೇ ಇಲ್ಲವಲ್ಲ ಎನ್ನಬಹುದು. ಕೇಬಲ್ಲಿನ ರಗಳೆ ಇಲ್ಲ ಎಂಬುದು ನಿಜ. ಆದರೆ ಹಲವು ಪ್ರೊಸೆಸರುಗಳಲ್ಲಿ ಹೊರಗಿನ ವಾಲ್ಯೂಮ್ ಗುಂಡಿ ಔಟ್‌ಪುಟ್ ಜ್ಯಾಕು, ಹೆಡ್‌ಫೋನುಗಳಿಗಷ್ಟೇ ಸಂಬಂಧಿಸಿದ್ದು. ಯುಎಸ್‌ಬಿಗೆ ಹೋಗುವ ಮಟ್ಟ ಮೆನುವಿನೊಳಗೆ ಬೇರೆಯೇ ಇರುತ್ತದೆ. ಗುಂಡಿಯನ್ನು ಎಷ್ಟು ತಿರುಗಿಸಿದರೂ ರೆಕಾರ್ಡಿಂಗ್ ಕದಲದಿದ್ದರೆ ಆ ಮೆನುವನ್ನು ತೆರೆಯಬೇಕು. ಪ್ರತಿ ಪ್ಯಾಚಿಗೂ ತನ್ನದೇ ಲೆವೆಲ್ ಇರುವುದನ್ನೂ ಮರೆಯಬಾರದು. ಡಿಸ್ಟಾರ್ಷನ್ ಪ್ಯಾಚು ಅಬ್ಬರಿಸಿ ಕ್ಲೀನ್ ಪ್ಯಾಚು ಮಂಕಾದರೆ ಹೊಂದಿಸಬೇಕಾದದ್ದು ಪ್ಯಾಚನ್ನೇ.

ಡಿಜಿಟಲ್ ಕಾಲದಲ್ಲಿ ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕೆ, ಆಮೇಲೆ ಏರಿಸಿದರಾಯಿತಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ. 24 ಬಿಟ್ ರೆಕಾರ್ಡಿಂಗಿನ ಹರವು ಲೆಕ್ಕದಲ್ಲಿ 144 ಡೆಸಿಬೆಲ್. ಅತಿ ಜೋರಾದ ಸದ್ದು −12 ಡೆಸಿಬೆಲ್ಲಿಗೆ ನಿಂತರೆ ಹೋಗುವುದು ಎರಡು ಬಿಟ್ಟಿನಷ್ಟು ಮಾತ್ರ. ಉಳಿಯುವ 132 ಡೆಸಿಬೆಲ್ 16 ಬಿಟ್ ಸಿಡಿಯ 96ಕ್ಕಿಂತ ಎಷ್ಟೋ ಹೆಚ್ಚು. ಹಾಗಾಗಿ ಸ್ವಲ್ಪ ಕೆಳಗಿರುವುದು ದೋಷವೇ ಅಲ್ಲ. ಆದರೆ ಈ ಸೌಲಭ್ಯ ಸಿಗ್ನಲ್ ಅಂಕಿಗಳಾಗಿ ಬದಲಾದ ಮೇಲಿನದು. ಅದಕ್ಕೂ ಮೊದಲೇ ಬೆರೆತ ಗುಂಯ್‌ಗುಡುವಿಕೆಯನ್ನು, ಕಳೆದುಹೋದ ನಾದವನ್ನು ಯಾವ ಫೇಡರೂ ಸರಿಪಡಿಸಲಾರದು. ಹಾಗೆಂದು ಎಲ್ಲವನ್ನೂ ತುದಿಗೆ ತಿರುಗಿಸುವುದೂ ತಪ್ಪು: ಸೊನ್ನೆ ಡೆಸಿಬೆಲ್ ದಾಟಿ ಕತ್ತರಿಸಿಹೋದ ಅಲೆ ಇದ್ದಂತೆ ಮರಳಿ ಸಿಗುವುದಿಲ್ಲ. ಬಿಡುಗಡೆಯಾದ ಹಾಡಿನಷ್ಟು ಜೋರಿಲ್ಲ ಎಂಬ ಕೊರಗನ್ನೂ ಬಿಡಬಹುದು. ಆ ಹಾಡು ಮಿಕ್ಸಿಂಗ್ ಮುಗಿದ ಮೇಲೆ ಕಂಪ್ರೆಸರ್, ಲಿಮಿಟರುಗಳನ್ನು ಹಾಯ್ದು ಆ ಎತ್ತರಕ್ಕೆ ಏರಿದ್ದು. ಹಸಿ ರೆಕಾರ್ಡಿಂಗನ್ನು ಅದರ ಪಕ್ಕದಲ್ಲಿಟ್ಟು ಅಳೆಯುವುದು ನ್ಯಾಯವಲ್ಲ.

ಆದ್ದರಿಂದ ಮುಂದಿನ ಸಲ ದನಿ ಕುಗ್ಗಿದಾಗ ಗಿಟಾರಿನ ವಾಲ್ಯೂಮ್ ಗುಂಡಿಯಿಂದಲೇ ಹೊರಡಿ. ಆಮೇಲೆ ಪ್ಯಾಚಿನ ಲೆವೆಲ್, ಯುಎಸ್‌ಬಿ ಮಟ್ಟ ಅಥವಾ ಕೇಬಲ್, ಇಂಟರ್‌ಫೇಸಿನ ಗೇನ್ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಅತಿ ಜೋರಾಗಿ ನುಡಿಸಿದಾಗ ಮೀಟರು −12ರಿಂದ −6ರೊಳಗೆ ನಿಲ್ಲುವಂತೆ ಹೊಂದಿಸಿಕೊಳ್ಳಿ. ಫೇಡರಿನ ಸರದಿ ಕೊನೆಗೆ.