ಬಾದಾಮಿಯ ಬಂಡೆಯ ಮುಂದೆ

ಶಿವಯೋಗಮಂದಿರದ ದರ್ಶನಕ್ಕೆ ಹೋಗಿಬರುವ ಭಕ್ತರಿಗೆ ಬಾದಾಮಿ ಹೊಸತಲ್ಲ. 1909ರಲ್ಲಿ ಹಾನಗಲ್ಲ ಕುಮಾರ ಶಿವಯೋಗಿಗಳು ಮಲಪ್ರಭೆಯ ದಡದಲ್ಲಿ ಸ್ಥಾಪಿಸಿದ ಆ ಪುಣ್ಯಕ್ಷೇತ್ರವನ್ನು ಕಂಡು, ಬಾದಾಮಿಯಲ್ಲಿ ಚಾಲುಕ್ಯರ ಗುಹಾಲಯಗಳನ್ನೂ ಅಗಸ್ತ್ಯತೀರ್ಥವನ್ನೂ ನೋಡಿ ನಾವು ಹಿಂದಿರುಗುತ್ತೇವೆ. ಅಲ್ಲಿಯ ಕೆಂಪು ಮರಳುಗಲ್ಲಿನ ಬಂಡೆಗಳನ್ನೇ ಅರಸಿ ತರುಣ ತರುಣಿಯರೂ ಬರುತ್ತಾರೆ. ಅವರದು ಶಿಲಾರೋಹಣದ ಯಾತ್ರೆ. 2021ರಲ್ಲಿ ನಡೆದ ಟೋಕಿಯೊ ಕ್ರೀಡಾಕೂಟದಲ್ಲಿ ಈ ಆಟ ಮೊದಲ ಬಾರಿಗೆ ಒಲಿಂಪಿಕ್ಸ್ ಸೇರಿತು. ನಗರಗಳ ಕೃತಕ ಗೋಡೆಗಳಲ್ಲಿ ಅಭ್ಯಾಸ ಮಾಡುವ ಮಕ್ಕಳು ಇಂದು ನಮ್ಮ ಮನೆಗಳಲ್ಲೂ ಇದ್ದಾರೆ.

ಗೋಡೆ ಏರಿದವರಿಗೆ ಬೆಟ್ಟವೇನು ದೊಡ್ಡದು ಎಂದು ಆ ಮಕ್ಕಳು ಕೇಳಿದರೆ ಹಿರಿಯರಾದ ನಾವು ಏನು ಹೇಳಬೇಕು? ಬೇಡವೆನ್ನುವುದು ಸುಲಭ; ತಿಳಿದು ಕಳುಹಿಸುವುದು ಮೇಲು.

ಗೋಡೆಯಲ್ಲಿ ಹಿಡಿಕೆಗಳಿಗೆ ಬಣ್ಣವಿದೆ, ಕೆಳಗೆ ಮೆತ್ತೆಯಿದೆ, ಮೇಲಿನ ಕೊಂಡಿಯನ್ನು ಬೇರೊಬ್ಬರು ಪರೀಕ್ಷಿಸಿರುತ್ತಾರೆ. ಬಂಡೆಯಲ್ಲಿ ಆ ಹೊಣೆಯೆಲ್ಲ ಏರುವವರದೇ. ಹಿಡಿದ ಕಲ್ಲು ಕಿತ್ತು ಬರಬಹುದು; ಆದ್ದರಿಂದ ಏರುವವರಿಗೂ ಕೆಳಗೆ ಹಗ್ಗ ಹಿಡಿದವರಿಗೂ ಹೆಲ್ಮೆಟ್ ಅವಶ್ಯ. ಮರಳುಗಲ್ಲು ನೆನೆದರೆ ಬಲಗುಂದುತ್ತದೆ. ಮಳೆ ನಿಂತರೂ ಕಲ್ಲು ಒಳಗಿನಿಂದ ಒಣಗುವವರೆಗೆ ಕಾಯಬೇಕು. ಹೆಜ್ಜೇನು ಕಟ್ಟಿದ ಕಡೆ ಸುಳಿಯಬಾರದು. ಸಂರಕ್ಷಿತ ಸ್ಮಾರಕಗಳ ಬಂಡೆಯನ್ನು ಏರಲೇಬಾರದು.

ಮೊದಲ ಬಾರಿಗೆ ಅನುಭವಿ ತರಬೇತುದಾರರೊಡನೆ, ಗೋಡೆಯಲ್ಲಿ ಏರುವುದಕ್ಕಿಂತ ಸುಲಭವಾದ ದಾರಿಯಲ್ಲಿ, ಮೇಲಿನಿಂದ ಇಳಿಬಿಟ್ಟ ಹಗ್ಗದ ಆಸರೆಯಲ್ಲಿ ಏರುವುದು ಲೇಸು. ಆ ಹಗ್ಗಕ್ಕೆ ಮೇಲೆ ಕನಿಷ್ಠ ಎರಡು ಪ್ರತ್ಯೇಕ ಆಧಾರಗಳಿರಬೇಕು. 25 ಮೀಟರ್ ಎತ್ತರದಿಂದ ಇಳಿಸಲು 50 ಮೀಟರಿಗಿಂತ ಹೆಚ್ಚು ಹಗ್ಗ ಬೇಕು. ಹಗ್ಗದ ಕೆಳತುದಿಗೆ ಗಂಟು ಹಾಕದಿದ್ದರೆ, ಇಳಿಸುವವರ ಕೈಯಿಂದ ಅದು ಜಾರಿ ಪ್ರಾಣಕ್ಕೆ ಎರವಾದೀತು. ಏರುವ ಮುನ್ನ ಜೊತೆಗಾರರಿಬ್ಬರೂ ಪರಸ್ಪರರ ಸೊಂಟಪಟ್ಟಿ, ಗಂಟು, ಕೊಂಡಿಯ ಬೀಗಗಳನ್ನು ಕಣ್ಣಿನಿಂದಲೂ ಕೈಯಿಂದಲೂ ಪರೀಕ್ಷಿಸಬೇಕು. "ಇಳಿಸು" ಎಂಬ ಮಾತಿಗೆ ಇಬ್ಬರಲ್ಲೂ ಒಂದೇ ಅರ್ಥವಿರಬೇಕು. ಮುಂದೆ ತುದಿಯಲ್ಲಿ ಹಗ್ಗ ಬಿಚ್ಚಿ ಮತ್ತೆ ಕಟ್ಟುವ ಕೆಲಸ ಬಂದಾಗ ಗೆದ್ದ ಸಂತೋಷದಲ್ಲಿ ಎಚ್ಚರ ತಪ್ಪುವುದುಂಟು. ಆ ಕ್ರಮವನ್ನು ನೆಲದ ಮೇಲೆಯೇ ಕಲಿತಿರಬೇಕು.

ಅರಿವು ಆಚಾರವಾಗಬೇಕೆಂಬುದು ಶರಣರು ತೋರಿದ ದಾರಿ. ಗೋಡೆ ಕೊಡುವುದು ತೋಳಿನ ಬಲ ಮತ್ತು ಅರಿವು. ಬಂಡೆ ಕೇಳುವುದು ಆಚಾರ. ರಜೆಯಲ್ಲಿ ಮಕ್ಕಳು ಬಾದಾಮಿಗೆ ಹೊರಟರೆ, ಯಾರೊಡನೆ ಹೋಗುವಿರಿ, ಹಗ್ಗ ಎಷ್ಟುದ್ದ, ತುದಿಗೆ ಗಂಟು ಹಾಕುವವರು ಯಾರು ಎಂದು ಕೇಳೋಣ. ಉತ್ತರ ತಡವರಿಸದೆ ಬಂದರೆ ವಿಭೂತಿಯಿಟ್ಟು ಹರಸಿ ಕಳುಹಿಸೋಣ.